ಸೈಕಲ್ ಯಾರಿಗೆ ಅಡ್ಡ?

(ಬೆಂಗಳೂರಿನ ಗಾಂಧಿ ಬಜಾರ್. ಭಾನುವಾರ ಬೆಳಿಗ್ಗೆ ವಿದ್ಯಾರ್ಥಿ ಭವನದ ಮುಂದೆ ದೋಸೆಗೆ ಕಾದ ಜನ. ರಾಯರ ಕಾರಿನ ಎರಡು ಚಕ್ರ ಫುಟ್‌ಪಾತಿನ ಮೇಲೆ. ಪಕ್ಕದಲ್ಲೇ ಸೈಕಲ್ ಹಿಡಿದ ಸೋದರಳಿಯ.)

ಅಳಿಯ: ಮಾವ, ಎನ್.ಆರ್. ಕಾಲೊನಿಯಿಂದ ಇಲ್ಲಿಗೆ ಕಾರಾ?

ರಾಯರು: ನಡೆಯೋಣ ಅಂದ್ರೆ ಫುಟ್‌ಪಾತ್ ತುಂಬಾ ಗಾಡಿ ಕಣೋ.

ಅಳಿಯ: ಸೈಕಲ್?

ರಾಯರು: ಅಯ್ಯೋ, ಈ ಕಾರಿನವರು ಹಿಂದೆ ಮುಂದೆ ನೋಡದೆ ಬಾಗಿಲು ತೆಗೀತಾರೆ! (ಬಾಗಿಲು ತೆಗೆಯುತ್ತಾರೆ.)

ಅಳಿಯ: ಅಮ್ಮಾ! ನನ್ನ ಮೊಣಕೈ!

ರಾಯರು: ನೋಡಿದ್ಯಾ? ನಾನು ಹೇಳಲಿಲ್ವಾ?

ಅಳಿಯ: ಅದಕ್ಕೇ ಸೈಕಲ್‌ಗೆ ಬೇರೆ ಪಥ ಬೇಕು ಅನ್ನೋದು.

ರಾಯರು: ಜಯನಗರದಲ್ಲಿ 2012ರಲ್ಲೇ ಮಾಡಿದ್ರಲ್ಲ. ಎಂಥಾ ನೆರಳು ಅಂತೀಯ! ನಾನೂ ಅಲ್ಲೇ ಕಾರು ನಿಲ್ಲಿಸ್ತಿದ್ದೆ.

ಅಳಿಯ: 2020ರಲ್ಲಿ ಹೊರವರ್ತುಲ ರಸ್ತೇಲಿ ಮಾಡಿದ ಹಾಗೆ ನಡುವೆ ಕಂಬ ನೆಟ್ರೆ?

ರಾಯರು: ಕಂಬ ನೆಟ್ರೆ ಕಾರು ಒಳಗೆ ಹೋಗೋದು ಹೇಗೋ? ಸ್ವಲ್ಪ ಯೋಚನೆ ಮಾಡಿ ಮಾತಾಡು.

ಅಳಿಯ: ಕಡೇಪಕ್ಷ ಅಡ್ಡರಸ್ತೆಗಳಲ್ಲಿ ವೇಗ 30ಕ್ಕೆ ಇಳಿಸಲಿ.

ರಾಯರು: ಇಳಿಸೋದಾ? ಈಗ ಹೋಗ್ತಿರೋದೇ ಹತ್ತರಲ್ಲಿ. 30ಕ್ಕೆ ಏರಿಸಿದ್ರೆ ನಾನೇ ಮೊದಲು ಸಹಿ ಹಾಕ್ತೀನಿ!

(ಒಳಗಿನಿಂದ ರಾಯರ ಹೆಸರು ಕೂಗುತ್ತಾರೆ.)

ರಾಯರು: ಬಂದೆ! ಲೋ, ಆ ಸೈಕಲ್ ತೆಗೆದು ಎಲ್ಲಾದ್ರೂ ಓರೆಗಿಡೋ, ಜನ ಓಡಾಡೋ ಜಾಗ.