ಒಂದು ಒತ್ತು, 96 ಬಿಲ್ಲು

ನನ್ನವಳು ನಮ್ಮ ಅಪಾರ್ಟ್‌ಮೆಂಟ್ ಸಂಘದ ಖಜಾಂಚಿ. ಹಾಗಾಗಿ ನಾನು ಖಜಾಂಚಿಯ ಗಂಡ. ಈ ಹುದ್ದೆಗೆ ಸಂಬಳವಿಲ್ಲ, ಅಧಿಕಾರವಂತೂ ಇಲ್ಲವೇ ಇಲ್ಲ. ಲಿಫ್ಟ್ ಕೆಟ್ಟಾಗ ಬೈಸಿಕೊಳ್ಳುವ ಹಕ್ಕು ಮಾತ್ರ ಉಂಟು.

ತಿಂಗಳ ಕೊನೆಗೆ 96 ಮನೆಗಳ ಮೇಂಟೆನೆನ್ಸ್ ಬಿಲ್ ಹೊರಡಬೇಕು. ಮೊದಲೆಲ್ಲ ಎಕ್ಸೆಲ್ ಫೈಲನ್ನೇ ಕಳಿಸುತ್ತಿದ್ದಳು. ಒಬ್ಬ ಮಹಾನುಭಾವರು ತಮ್ಮ ಬಾಕಿಯನ್ನು ತಾವೇ ಸೊನ್ನೆ ಮಾಡಿ, 'ಸರಿಯಾಗಿದೆ, ಧನ್ಯವಾದ' ಎಂದು ವಾಪಸ್ ಕಳಿಸಿದ ಮೇಲೆ ಪಿಡಿಎಫ್‌ಗೆ ಬಂದೆವು. ಕಳಿಸಿದವರಿಗೆ ಕಂಡ ಹಾಗೇ ನೋಡುವವರಿಗೂ ಕಾಣಲಿ ಎಂದೇ ಅಡೋಬಿ 1993ರಲ್ಲಿ ಅದನ್ನು ಹೊರತಂದದ್ದು. ಬಾಕಿಯೂ ಹಾಗೇ ಕಾಣುತ್ತದೆ.

ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ಎಕ್ಸೆಲ್‌ನಲ್ಲಿ ಮನೆ ನಂಬರ್ ಬದಲಿಸಿದರೆ ಹೆಸರು, ನೀರಿನ ಲೆಕ್ಕ, ಬಾಕಿ ಎಲ್ಲ ತಾವಾಗಿ ಬಂದು ಕೂರುತ್ತವೆ. ಆಮೇಲೆ ಪ್ರಿಂಟ್ ಒತ್ತಿ, ಪ್ರಿಂಟರ್ ಜಾಗದಲ್ಲಿ ಪಿಡಿಎಫ್ ಆರಿಸಬೇಕು. 2015ರಲ್ಲಿ ವಿಂಡೋಸ್ 10ರ ಜೊತೆ ಬಂದ ಈ ಪ್ರಿಂಟರಿಗೆ ಕಾಗದ ಬೇಡ, ಶಾಯಿ ಬೇಡ; ಆದರೆ ಪ್ರತಿ ಸಲವೂ 'ಹೆಸರೇನು, ಎಲ್ಲಿಡಲಿ?' ಎಂದು ಕೇಳದೆ ಬಿಡುವುದಿಲ್ಲ. ನನ್ನವಳು ಧಾರಾವಾಹಿ ನೋಡುತ್ತ, ಅವರೆಕಾಯಿ ಸುಲಿಯುತ್ತ, ನಡುನಡುವೆ ಎಂಟರ್ ಒತ್ತುತ್ತ ಅಷ್ಟನ್ನೂ ಮುಗಿಸುತ್ತಿದ್ದಳು. ಇದರಿಂದ ಯಾರಿಗೂ ಕಷ್ಟವಿರಲಿಲ್ಲ, ನೋಡುತ್ತ ಕೂತ ನನ್ನೊಬ್ಬನಿಗೆ ಬಿಟ್ಟು.

"ಈ ಕಾಲದಲ್ಲೂ ಕೈಯಲ್ಲಿ ಮಾಡ್ತಾರೇನೇ? ಒಂದು ಮ್ಯಾಕ್ರೊ ಬರೆದರೆ..."

"ಬೇಡ ರೀ. ಮಿಕ್ಸಿ ರಿಪೇರಿ ಮಾಡಿದ್ದು ಇನ್ನೂ ನೆನಪಿದೆ."

ಇರಲಾರದೆ ಇರುವೆ ಬಿಟ್ಟುಕೊಂಡರಂತೆ. ನಾನು ಮ್ಯಾಕ್ರೊ ಬಿಟ್ಟುಕೊಂಡೆ.

ಮ್ಯಾಕ್ರೊ ಒಂದೊಂದೇ ಮನೆಯ ಬಿಲ್ಲನ್ನು ಪ್ರಿಂಟಿಗೆ ಕಳಿಸುತ್ತಿತ್ತು. ಹೆಸರು ಕೇಳುವ ಪೆಟ್ಟಿಗೆ ಎದ್ದಾಗ ಮಾತ್ರ ಯಾರಾದರೂ ಉತ್ತರಿಸಬೇಕಲ್ಲ? ಅದಕ್ಕೆ ಇನ್ನೊಂದು ಪುಟ್ಟ ಸ್ಕ್ರಿಪ್ಟ್ ಬರೆದೆ. ಸೆಂಡ್‌ಕೀಸ್ ಎಂಬ ಆಜ್ಞೆ ಹಾಕಿದರೆ ಕಂಪ್ಯೂಟರ್ ತಾನೇ ಕೀಲಿ ಒತ್ತುತ್ತದೆ. ಎಂಟು ಸೆಕೆಂಡಿಗೊಮ್ಮೆ 'ಎ-101 ಬಾಕಿ', ಎಂಟರ್. 'ಎ-102 ಬಾಕಿ', ಎಂಟರ್. ಈ ಆಜ್ಞೆಗೆ ಕಣ್ಣಿಲ್ಲ, ಆ ಕ್ಷಣಕ್ಕೆ ಪರದೆಯ ಮೇಲೆ ಯಾವ ಕಿಟಕಿ ಮುಂದಿದೆಯೋ ಅದರೊಳಗೇ ಒತ್ತುತ್ತದೆ ಎಂಬುದು ನನಗೆ ಗೊತ್ತಿತ್ತು. ಮನೆಯಲ್ಲಿ ಇತರರೂ ಇದ್ದಾರೆ ಎಂಬುದು ಹೊಳೆಯಲಿಲ್ಲ.

ಮೊದಲ ನಾಲ್ಕು ಬಿಲ್ ಲಕ್ಷಣವಾಗಿ ಬಂದವು. ನಾನು ಗೆದ್ದವನ ಠೀವಿಯಲ್ಲಿ ಕಾಫಿ ಬೆರೆಸಿಕೊಳ್ಳಲು ಒಳಗೆ ಹೋದೆ. ಅಷ್ಟರಲ್ಲಿ ಮಗಳು ಯಾವುದೋ ಮದುವೆಯ ಫೋಟೊ ನೋಡಲು ಅದೇ ಕಂಪ್ಯೂಟರಿನಲ್ಲಿ ನನ್ನ ವಾಟ್ಸಾಪ್ ತೆರೆದು, ನಮ್ಮ ಬಂಧುಗಳ ಗ್ರೂಪಿನ ಮೇಲೆ ಒತ್ತಿ, ಫೋನ್ ಬಂತೆಂದು ಎದ್ದು ಹೋಗಿದ್ದಾಳೆ.

ನಾನು ಬರುವಷ್ಟರಲ್ಲಿ ಬಿ ಬ್ಲಾಕ್ ಶುರುವಾಗಿತ್ತು. ದೊಡ್ಡಮ್ಮ, 'ಸೈಟ್ ತಗೊಂಡ್ರಾ? ಒಳ್ಳೇದಾಗಲಿ' ಎಂದು ಹರಸಿದ್ದರು. ದೂರದ ದೇಶದಲ್ಲಿರುವ ತಮ್ಮ, 'ಅಣ್ಣನ ನಂಬರ್ ಹ್ಯಾಕ್ ಆಗಿದೆ, ಯಾರೂ ಏನೂ ಒತ್ತಬೇಡಿ' ಎಂದು ಎಚ್ಚರಿಸಿದ್ದ. ಸೋದರಮಾವ ಎಂದಿನಂತೆ ಗುಲಾಬಿ ಹೂವಿನ ಶುಭೋದಯ ಕಳಿಸಿದ್ದರು. ಕೊನೆಗೆ ಚಿಕ್ಕಪ್ಪನ ಸಂದೇಶ: 'ಮುಂದಿನ ವಾರ ಖಂಡಿತ ಕೊಡ್ತೀನಿ ಕಣೋ. ಎಲ್ಲರ ಮುಂದೆ ಹೀಗೆ ಬಾಕಿ ಬಾಕಿ ಅನ್ನಬೇಡ.'

ಯಾವ ಬಾಕಿ ಎಂದು ನೆನಪಿಸಿಕೊಳ್ಳುತ್ತಿದ್ದಂತೆ ಅದರ ಕೆಳಗೇ 'ಬಿ-107 ಬಾಕಿ' ಬಂದು ಬಿತ್ತು.

ಮಗಳೇ ಬಂದು ಸ್ಕ್ರಿಪ್ಟ್ ನಿಲ್ಲಿಸಿದಳು. "ಅಪ್ಪಾ, ಪ್ರಿಂಟರ್ ಯಾಕೆ ಮಧ್ಯೆ? ಎಕ್ಸೆಲ್ಲೇ ನೇರವಾಗಿ ಪಿಡಿಎಫ್ ಮಾಡುತ್ತೆ. ಎಕ್ಸ್‌ಪೋರ್ಟ್‌ಆ್ಯಸ್‌ಫಿಕ್ಸ್‌ಡ್‌ಫಾರ್ಮ್ಯಾಟ್ ಅಂತ ಒಂದು ಸಾಲು. ಫೈಲಿನ ಹೆಸರು ಅದರಲ್ಲೇ ಬರೆದರೆ ಯಾರನ್ನೂ ಏನೂ ಕೇಳಲ್ಲ. 2007ರಿಂದ ಇದೆ. ನಾನಾಗ ಹುಟ್ಟೇ ಇರಲಿಲ್ಲ." ನನ್ನ ಎರಡು ಪುಟದ ಪ್ರೋಗ್ರಾಂ ಅಳಿಸಿ ಅವಳು ಆರು ಸಾಲು ಬರೆದಳು. ಪಟ್ಟಿಯಲ್ಲಿ ಸಿ ಬ್ಲಾಕಿನ ನಂಬರುಗಳು 'ಸಿ/301' ಎಂದು ಓರೆಗೆರೆ ಹಾಕಿಕೊಂಡಿದ್ದವು. ವಿಂಡೋಸ್ ಫೈಲಿನ ಹೆಸರಿನಲ್ಲಿ ಓರೆಗೆರೆಯನ್ನು ಒಪ್ಪುವುದಿಲ್ಲ. ಅವನ್ನು ಅಡ್ಡಗೆರೆ ಮಾಡುವ ಜವಾಬ್ದಾರಿಯನ್ನು ದೊಡ್ಡ ಮನಸ್ಸು ಮಾಡಿ ನನಗೇ ಬಿಟ್ಟಳು.

ಈಗ ಧಾರಾವಾಹಿಯ ಮೊದಲ ಜಾಹೀರಾತಿಗೆ ಮುಂಚೆಯೇ 96 ಬಿಲ್ ಸಿದ್ಧ. ಕಂಪ್ಯೂಟರ್ ಕೆಲಸ ಉಳಿಯಿತಲ್ಲ, ಅವರೆಕಾಯಿ ನನ್ನ ಪಾಲಿಗೆ ಬಂದಿದೆ.

ಚಿಕ್ಕಪ್ಪ ಮಾತು ತಪ್ಪಲಿಲ್ಲ; ಹೇಳಿದ ವಾರವೇ ಹಣ ಕಳಿಸಿದರು. ಅದನ್ನು ನೋಡಿದವಳೇ ನನ್ನವಳು ನನ್ನ ಪಕ್ಕ ಬಂದು ಕೂತಳು, ದನಿ ತಗ್ಗಿಸಿದಳು.

"ರೀ, ನಿಮ್ಮ ಆ ಹಳೇ ಪ್ರೋಗ್ರಾಂ ಕಾಪಿ ಎಲ್ಲಾದರೂ ಉಳಿದಿದೆಯಾ? ಗೃಹಪ್ರವೇಶಕ್ಕೆ ಅಂತ ನಿಮ್ಮ ಅತ್ತಿಗೆ ಒಯ್ದ ಬೆಳ್ಳಿ ಹರಿವಾಣ ಇನ್ನೂ ವಾಪಸ್ ಬಂದಿಲ್ಲ."