ಹೆಡ್‌ಮಾಸ್ಟರ್ ಮನೆ ಮಕ್ಕಳು

ಅಪ್ಪ ಹೆಡ್‌ಮಾಸ್ಟರ್ ಆದರೆ ಮಕ್ಕಳು ರ್‍ಯಾಂಕ್ ಬರಲೇಬೇಕೆ? ಮೈಸೂರಿನ ಆ ಮನೆ ನೋಡಿ. ಅಪ್ಪನಿಗೆ ಕಟ್ಟುನಿಟ್ಟಿನ ಶಿಸ್ತು, ಮಗ ಆರ್.ಕೆ. ನಾರಾಯಣ್ ಕಾಲೇಜು ಪ್ರವೇಶ ಪರೀಕ್ಷೆಯಲ್ಲೇ ಡುಮ್ಕಿ! 1921ರಲ್ಲಿ ಹುಟ್ಟಿದ ಕಡೇ ಕೂಸು, ಮುಂದೆ ವ್ಯಂಗ್ಯಚಿತ್ರಕಾರನಾದ ಆರ್.ಕೆ. ಲಕ್ಷ್ಮಣನಂತೂ ನೆಲ, ಗೋಡೆ, ಬಾಗಿಲು ಒಂದನ್ನೂ ಬಿಡದೆ ಗೀಚುತ್ತಿದ್ದ. ಶಾಲೆಯಲ್ಲಿ ಮೇಷ್ಟ್ರುಗಳಿಗೂ ಅವನ ಗೀಚಾಟದಿಂದ ಉಳಿಗಾಲವಿರಲಿಲ್ಲ. ಈಗಿನ ಅಪ್ಪಂದಿರಾಗಿದ್ದರೆ ಇಬ್ಬರನ್ನೂ ಟ್ಯೂಷನ್ನಿಗೆ ಅಟ್ಟಿ, ಸಾಹಿತ್ಯಕ್ಕೂ ವ್ಯಂಗ್ಯಚಿತ್ರಕ್ಕೂ ಒಟ್ಟಿಗೇ ಎಳ್ಳುನೀರು ಬಿಡಿಸುತ್ತಿದ್ದರು.

ಅಣ್ಣನೇನು ಸಾಮಾನ್ಯನೆ? ತಮ್ಮನ ಗಲ್ಲಿ ಕ್ರಿಕೆಟ್ ಅವಾಂತರವನ್ನೇ ಕಥೆ ಮಾಡಿಬಿಟ್ಟ. ತಮ್ಮ ಮುನಿಸಿಕೊಳ್ಳಲಿಲ್ಲ, ಅಣ್ಣನ ಕಥೆಗಳಿಗೆ ಚಿತ್ರ ಬರೆದುಕೊಟ್ಟ. ಇದೇ ಲಕ್ಷ್ಮಣನಿಗೆ ಮುಂಬಯಿಯ ಜೆ.ಜೆ. ಕಲಾಶಾಲೆ ಸೀಟು ಕೊಡಲಿಲ್ಲವಂತೆ, ಪ್ರತಿಭೆ ಸಾಲದು ಎಂದು!

1986ರಲ್ಲಿ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿ ತೆಗೆದಾಗಲೂ ಕಥೆ ಅಣ್ಣನದು, ಚಿತ್ರ ತಮ್ಮನದು. ಆಸ್ತಿ ಪಾಲಾದ ಮನೆ ಕಂಡಿದ್ದೇವೆ. ಹೀಗೆ ಕೆಲಸ ಪಾಲಾದದ್ದು ಅಪರೂಪ ಬಿಡಿ.