ಸೈನ್ಯವಿಲ್ಲದ ಚಕ್ರವರ್ತಿ

ವಾರವಿಡೀ ಮ್ಯಾನೇಜರ್ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಈ ಮನುಷ್ಯ ಶುಕ್ರವಾರ ರಾತ್ರಿ ಲ್ಯಾಪ್‌ಟಾಪ್ ತೆರೆದನೆಂದರೆ ಚಕ್ರವರ್ತಿ. ಆಟ ‘ಸಿವಿಲೈಸೇಷನ್ 5’, 2010ರದ್ದು. ಆಮೇಲೆ 6 ಬಂತು, 7 ಬಂತು. ಇವನು ರಾಜ್ಯ ಬದಲಾಯಿಸಿಲ್ಲ. ಆಟ ಕ್ರಿ.ಪೂ. 4000ದಲ್ಲಿ ಶುರುವಾಗುತ್ತದೆ, ಇವನ ಪ್ರತಿಜ್ಞೆಯೂ ಅಲ್ಲೇ: “ಈ ಸಲ ಯುದ್ಧ ಗಿದ್ಧ ಏನೂ ಬೇಡಪ್ಪ. ನಾಲ್ಕು ಊರು ಕಟ್ಕೊಂಡು, ಹೊಲ ಗದ್ದೆ ಮಾಡ್ಕೊಂಡು, ನೆಮ್ಮದಿಯಾಗಿ ಸಂಸ್ಕೃತಿಯಿಂದ ಗೆಲ್ತೀನಿ.”

ಇಂಥವರು ಪ್ರತಿ ಆಫೀಸಿನಲ್ಲೂ ಒಬ್ಬರಿರುತ್ತಾರೆ. ನಾವು ಶಾಂತಿದೂತ ಎನ್ನೋಣ.

ಶಾಂತಿದೂತನ ರಾಜ್ಯ ನೋಡಲು ಚೆಂದ. ಊರುಗಳ ಹೆಸರು ಬದಲಿಸಲು ಆಟದಲ್ಲಿ ಅವಕಾಶವಿದೆಯಲ್ಲ, ದೆಹಲಿಯನ್ನು ಅಳಿಸಿ ಹಂಪಿ ಎಂದು ಬರೆಯುತ್ತಾನೆ. ಆಮೇಲೆ ಬೇಲೂರು, ಬಾದಾಮಿ, ಹೆಂಡತಿಯ ತವರು ತಿಪಟೂರು. ಹಂಪಿಯಲ್ಲಿ ಸ್ಟೋನ್‌ಹೆಂಜ್ ಎದ್ದು ನಿಲ್ಲುತ್ತದೆ, ತಿಪಟೂರಿಗೆ ಬ್ಯಾಬಿಲೋನಿನ ತೂಗು ಉದ್ಯಾನ ಬರುತ್ತದೆ. ಯಾವ ಗದ್ದೆಗೆ ನದಿ ನೀರು ತಾಗುತ್ತದೆ, ಯಾವ ಗುಡ್ಡದಲ್ಲಿ ಗಣಿ ತೋಡಬೇಕು ಎಂದು ಗಂಟೆಗಟ್ಟಲೆ ಯೋಚನೆ. “ರೀ, ಮಲಗಲ್ವಾ?” ಎಂದು ಒಳಗಿನಿಂದ ಕೂಗು ಬಂದರೆ “ಒಂದೇ ಒಂದು ಟರ್ನ್ ಕಣೇ!” ಆ ಒಂದು ಟರ್ನ್ ಮುಗಿಯುವ ಹೊತ್ತಿಗೆ ಹಾಲಿನವನು ಬಂದಿರುತ್ತಾನೆ.

ಇಷ್ಟೆಲ್ಲ ವೈಭವಕ್ಕೆ ಕಾವಲು ಒಬ್ಬ ಬಿಲ್ಲುಗಾರ. ಅವನೂ ಆಟದ ಆರಂಭದಲ್ಲಿ ನೇಮಕವಾದವನು. ಬಡ್ತಿಯೂ ಇಲ್ಲ, ವರ್ಗಾವಣೆಯೂ ಇಲ್ಲ.

ಪಕ್ಕದ ರಾಜ್ಯ ಆಜ್ಟೆಕ್ ದೊರೆ ಮಾಂಟೆಜುಮಾನದು. ಅವನನ್ನು ನಡೆಸುವುದು ಕಂಪ್ಯೂಟರ್. ಒಂದು ದಿನ ಗಡಿಯಲ್ಲಿ ಅವನ ಜಾಗ್ವಾರ್ ಯೋಧರು ಕಾಣಿಸುತ್ತಾರೆ. ಮೊದಲು ಇಬ್ಬರು, ಆಮೇಲೆ ಆರು ಜನ, ಹಿಂದೆ ಕವಣೆಯಂತ್ರ. “ಎಲ್ಲೋ ಹೊರಟಿರಬೇಕು, ಹೋಗ್ಲಿ ಬಿಡು,” ಎನ್ನುತ್ತಾನೆ ನಮ್ಮವನು, ಬೇಲೂರಿಗೆ ಇನ್ನೊಂದು ದೇವಸ್ಥಾನ ಮಂಜೂರು ಮಾಡುತ್ತ. ಮರು ಟರ್ನಿಗೆ ಯುದ್ಧ ಘೋಷಣೆ. ಹೊಲದ ಕೂಲಿಯಾಳುಗಳು ಸೆರೆಯಾಗಿ ಆಗಲೇ ಆ ಕಡೆಯ ರಸ್ತೆ ಹಾಕುತ್ತಿರುತ್ತಾರೆ. ತಿಪಟೂರು ಬಿತ್ತು. ಈ ಸುದ್ದಿಯನ್ನು ಹೆಂಡತಿಗೆ ತಿಳಿಸುವ ಧೈರ್ಯ ಚಕ್ರವರ್ತಿಗಿಲ್ಲ.

ಬೆಳಗಾದರೆ ಗೆಳೆಯನಿಗೆ ಫೋನು. “ದ್ರೋಹಿ ಮಾರಾಯ! ಮೊನ್ನೆ ತಾನೇ ಸ್ನೇಹದ ಒಪ್ಪಂದ ಮಾಡ್ಕೊಂಡಿದ್ದ. ನಾನು ಅವನ ತಂಟೆಗೆ ಹೋಗಿದ್ನಾ?”

ಹೋಗಿದ್ದ. ಎದುರಾಳಿಯ ಮನಸ್ಸು ಹೇಗಿದೆ ಎಂಬ ಕಡೆ ಮೌಸ್ ಇಟ್ಟರೆ ಕಾರಣಗಳ ಪಟ್ಟಿಯೇ ತೆರೆದುಕೊಳ್ಳುತ್ತದೆ: ಅವರ ಕಣ್ಣಿದ್ದ ಜಾಗದಲ್ಲಿ ನೀನು ಊರು ಕಟ್ಟಿದ್ದೀಯ, ಅವರು ಆಸೆಪಟ್ಟ ಅದ್ಭುತಗಳನ್ನು ನೀನೇ ಮೊದಲು ಮುಗಿಸಿದ್ದೀಯ. ನದಿ ದಂಡೆಯ ಒಳ್ಳೆಯ ನೆಲವನ್ನೆಲ್ಲ ಬೇಲಿ ಹಾಕಿಕೊಂಡು, ಲೋಕದ ಅದ್ಭುತಗಳನ್ನೆಲ್ಲ ಬಾಚಿಕೊಂಡು, ಇನ್ನು ಯಾರೂ ಜಗಳವಾಡಬಾರದು ಎನ್ನುವುದು ಇವನ ಶಾಂತಿ. ಯಂತ್ರ ಇನ್ನೊಂದು ಲೆಕ್ಕವನ್ನೂ ಹಾಕುತ್ತದೆ: ಪಕ್ಕದವನ ಸೈನ್ಯ ಎಷ್ಟು? ಸೈನಿಕನನ್ನಿಟ್ಟರೆ ಖಜಾನೆಯಿಂದ ಸಂಬಳ ಹೋಗುತ್ತದೆ. ಆ ಹಣ ಉಳಿಸಿ ಇವನು ಗುಡಿ ಗೋಪುರ ಎಬ್ಬಿಸಿದ್ದಾನೆ. ನನ್ನ ಅಭಿಪ್ರಾಯ ಕೇಳಿದರೆ, ಇದರಲ್ಲಿ ಅಹಿಂಸೆಗಿಂತ ಜಿಪುಣತನವೇ ಹೆಚ್ಚು.

ಒಮ್ಮೆ ಭಾರತ ಬಿಟ್ಟು ಬೇರೆ ದೇಶ ಆರಿಸಿಕೊಂಡ. ನೆರೆಯವರಾಗಿ ಗಾಂಧೀಜಿ ಬಂದರು. ಇನ್ನೇನು ಭಯ ಎಂದು ಇದ್ದೊಬ್ಬ ಬಿಲ್ಲುಗಾರನನ್ನೂ ಮನೆಗೆ ಕಳಿಸಿದ. ಕೊನೆಗೆ ಬಿದ್ದದ್ದು ಅಣುಬಾಂಬು! 1991ರ ಮೊದಲ ಆಟದಲ್ಲೇ ಗಾಂಧಿಯ ಆಕ್ರಮಣ ಗುಣ ಲೆಕ್ಕ ತಪ್ಪಿ 255ಕ್ಕೆ ಹಾರಿತ್ತೆಂದು ಒಂದು ಕಥೆಯಿದೆ. ಅಂಥದ್ದೇನೂ ಆಗಿರಲಿಲ್ಲ ಎಂದು ಆಟದ ಜನಕ ಸಿಡ್ ಮೈಯರ್ 2020ರ ಆತ್ಮಕಥೆಯಲ್ಲಿ ಬರೆದಿದ್ದಾರೆ. ಐದನೆಯ ಆಟದಲ್ಲಿ ಮಾತ್ರ ಗಾಂಧಿಯ ಅಣ್ವಸ್ತ್ರ ಪ್ರೀತಿಗೆ 10ರ ಅಳತೆಯಲ್ಲಿ ಬೇಕೆಂದೇ 12 ಅಂಕ ಕೊಡಲಾಗಿದೆ. ಇದನ್ನು ಹೇಳಿದರೆ ಶಾಂತಿದೂತನಿಗೆ ಖುಷಿಯೋ ಖುಷಿ: “ನೋಡಿದ್ಯಾ, ತಪ್ಪು ನಂದಲ್ಲ!”

ನಿಮ್ಮ ಮನೆಯಲ್ಲೂ ಇಂಥವರಿದ್ದು, ನಡುರಾತ್ರಿ ಹಾಲ್‌ನಿಂದ “ಅಯ್ಯೋ ದ್ರೋಹಿ!” ಎಂಬ ಕೂಗು ಕೇಳಿದರೆ ಗಾಬರಿಯಾಗಬೇಡಿ. ಎದ್ದು ಹೋಗಿ ಸಮಾಧಾನ ಮಾಡಿ, ಬೇಕಾದರೆ ಕಾಫಿ ಕೊಡಿ. ಸೈನಿಕರು ಎಷ್ಟು ಜನ ಇದ್ದರು ಎಂದು ಮಾತ್ರ ಕೇಳಬೇಡಿ.